ಅಕ್ಕಿ ರೊಟ್ಟಿ ಏಕಾಗದು, ಗೋಧಿಯೇ ಏಕೆ? – ಪರಮಪ್ರಸಾದದ ಬಗ್ಗೆ ಓದುಗರ ಪ್ರಶ್ನೆಗಳು

ಪರಮಪ್ರಸಾದದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಲಿಪೂಜೆಯಲ್ಲಿ ಗುರುಗಳು ಪ್ರಾರ್ಥಿಸಿ ಪವಿತ್ರೀಕರಿಸುವ ರೊಟ್ಟಿ, ದ್ರಾಕ್ಷಾರಸಗಳೇ ಪರಮಪ್ರಸಾದ. ಅವು ಕ್ರಿಸ್ತರ ಶರೀರ, ರಕ್ತವಾಗಿ ಬದಲಾಗುತ್ತವೆ ಎಂಬುದು ಧರ್ಮಸಭೆಯ, ಅಂದರೆ ಕ್ಯಾಥೋಲಿಕ್ ಚರ್ಚಿನ, ಬೋಧನೆ. ಬಂದ ಪತ್ರಗಳಲ್ಲಿ ಅರ್ಧದಷ್ಟು ಹಿಟ್ಟು, ನೀರು, ಬೂಸಲು, ಡಬ್ಬಿಯ ವಿಚಾರ. ಉಳಿದರ್ಧ ತತ್ವದ ವಿಚಾರ. ಎರಡನ್ನೂ ಬೇರೆ ಮಾಡದೆ ಒಟ್ಟಿಗೇ ಕೊಟ್ಟಿದ್ದೇವೆ. ಹಿಟ್ಟಿನ ನಿಯಮಗಳು ಹುಟ್ಟಿರುವುದೇ ಆ ತತ್ವದಿಂದ.

ಪ್ರಶ್ನೆ: ಪವಿತ್ರೀಕರಿಸಿದ ರೊಟ್ಟಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರೆ ಏನು ಸಿಗುತ್ತದೆ? ಗೋಧಿಯೇ ಸಿಗುವುದಾದರೆ ಬದಲಾದದ್ದು ಏನು? – ವಿಜ್ಞಾನ ಶಿಕ್ಷಕರು, ಸಾಗರ

ಗೋಧಿಯೇ ಸಿಗುತ್ತದೆ. ಪಿಷ್ಟ ಇದ್ದಷ್ಟೇ ಇರುತ್ತದೆ, ಗೋಧಿಯ ಅಂಟು (ಗ್ಲೂಟೆನ್) ಇದ್ದಷ್ಟೇ ಇರುತ್ತದೆ, ದ್ರಾಕ್ಷಾರಸದ ಮದ್ಯಸಾರವೂ ಒಂದು ಹನಿ ಕಡಿಮೆಯಾಗುವುದಿಲ್ಲ. ಭಾನುವಾರ ಮೂರು ಕಡೆ ಪೂಜೆ ಮಾಡಿ ಬೈಕಿನಲ್ಲಿ ಬರುವ ಗುರುಗಳ ಉಸಿರನ್ನು ಪೊಲೀಸರು ಪರೀಕ್ಷಿಸಿದರೆ ಯಂತ್ರ ಮದ್ಯವನ್ನೇ ತೋರಿಸೀತು. ಧರ್ಮಸಭೆ ಇದನ್ನು ಯಾವತ್ತೂ ಅಲ್ಲಗಳೆದಿಲ್ಲ. ಆದ್ದರಿಂದ ಪರೀಕ್ಷೆಯ ಫಲಿತಾಂಶದ ಬಗ್ಗೆ ಯಾರಿಗೂ ತಕರಾರಿಲ್ಲ. ದಯವಿಟ್ಟು ಯಾರೂ ಅಂಥ ಪರೀಕ್ಷೆಗೆ ಕೈ ಹಾಕಬೇಡಿ, ಅದು ವಿಶ್ವಾಸಿಗಳಿಗೆ ತೀರಾ ನೋವಿನ ಸಂಗತಿ.

ಇನ್ನು ಬದಲಾದದ್ದು ಏನು? ಒಂದು ವಸ್ತುವಿನ ಬಗ್ಗೆ ಎರಡು ಬಗೆಯ ಪ್ರಶ್ನೆ ಕೇಳಬಹುದು. 'ಇದು ಹೇಗಿದೆ?' ಎಂದರೆ ಬಣ್ಣ, ರುಚಿ, ತೂಕ, ಆಕಾರ ಹೇಳುತ್ತೇವೆ. 'ಇದು ಏನು?' ಎಂದರೆ 'ರೊಟ್ಟಿ' ಎನ್ನುತ್ತೇವೆ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಬಳಸಿದ ಈ ವಿಂಗಡಣೆಯನ್ನೇ ಹಿಡಿದು 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸ್ ಈ ಬೋಧನೆಯನ್ನು ವಿವರಿಸಿದರು: 'ಹೇಗಿದೆ' ಎಂಬುದು ಪೂರ್ತಿ ಹಾಗೇ ಉಳಿಯುತ್ತದೆ, 'ಏನು' ಎಂಬುದು ಪೂರ್ತಿ ಬದಲಾಗುತ್ತದೆ. ಕಣ್ಣು ನಮಗೆ ಸುಳ್ಳು ಹೇಳುತ್ತಿಲ್ಲ, ಕಾಣುವ ಗುಣಗಳು ನಿಜವಾಗಿಯೂ ಅಲ್ಲಿವೆ ಎಂದು ಅವರು ಒತ್ತಿ ಹೇಳಿದ್ದಾರೆ. ಆ ರೊಟ್ಟಿ ಹೊಟ್ಟೆ ತುಂಬಿಸಬಲ್ಲದೇ ಎಂಬ ಪ್ರಶ್ನೆಯನ್ನೂ ಎತ್ತಿಕೊಂಡು, ಹೌದು, ಪೋಷಿಸುತ್ತದೆ ಎಂದೇ ಉತ್ತರಿಸಿದ್ದಾರೆ.

ನಮ್ಮ ಭಾಷೆಯಲ್ಲಿ ಇದಕ್ಕೆ 'ಸತ್ವ ಪರಿವರ್ತನೆ' ಎನ್ನಬಹುದು, ಆದರೆ ಆ ಮಾತಿನಲ್ಲಿ ಒಂದು ತೊಡಕಿದೆ. 'ರಾಗಿಯಲ್ಲಿ ಸತ್ವ ಇದೆ' ಎನ್ನುವಾಗ ನಾವು ಹೇಳುವುದು ಒಳಗಿನ ಸಾರವನ್ನು, ಹಿಂಡಿ ತೆಗೆಯಬಹುದಾದದ್ದನ್ನು. ಇಲ್ಲಿ ಆ ಅರ್ಥ ಇಟ್ಟುಕೊಂಡರೆ ರೊಟ್ಟಿಯ ಒಳಗೆಲ್ಲೋ ಬೇರೊಂದು ಪದಾರ್ಥ ಅಡಗಿ ಕೂತಿದೆ ಎಂದಾಗಿಬಿಡುತ್ತದೆ. ಅದಲ್ಲ. 'ಇರವು' ಎಂಬ ಹಳೆಯ ಕನ್ನಡ ಮಾತು ಇದಕ್ಕೆ ಹೆಚ್ಚು ಹತ್ತಿರ. ವೈಶೇಷಿಕರ ದ್ರವ್ಯ–ಗುಣಗಳನ್ನು ಓದಿದವರಿಗೆ ಈ ವಿಂಗಡಣೆ ಅಪರಿಚಿತ ಅನ್ನಿಸದು, ಆದರೂ ಎರಡೂ ಒಂದೇ ಎಂದು ತಿಳಿಯಬಾರದು. ಅಲ್ಲಿನ ದ್ರವ್ಯ ಎಂದರೆ ಪೃಥ್ವಿ, ಅಪ್ ಮೊದಲಾದ ಒಂಬತ್ತು, ಅದರ ಲೆಕ್ಕಾಚಾರ ಬೇರೆ.

ಈ ಮಾತಿನಿಂದ ಹೊರಡುವ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೆಳಗಿನ ಎಲ್ಲ ಉತ್ತರಗಳಿಗೂ ಬೇಕಾಗುತ್ತದೆ: ರೊಟ್ಟಿಯ ಗುಣಗಳು ಉಳಿದಿರುವಷ್ಟು ಹೊತ್ತು ಕ್ರಿಸ್ತರ ಸಾನ್ನಿಧ್ಯ. ರೊಟ್ಟಿ ರೊಟ್ಟಿಯಂತೆ ಉಳಿಯದೆ ಹೋದರೆ, ಕರಗಿ ಅಥವಾ ಜೀರ್ಣವಾಗಿ ಹೋದರೆ, ಆ ಸಾನ್ನಿಧ್ಯವೂ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಮಲೆನಾಡಿನ ಊಟ ಅಕ್ಕಿ. ನಮ್ಮ ಅಕ್ಕಿ ರೊಟ್ಟಿಯನ್ನೇ ಬಲಿಪೀಠದ ಮೇಲಿಟ್ಟರೆ ಜನಕ್ಕೆ ಹೆಚ್ಚು ಹತ್ತಿರವಾಗದೇ? ಮನೆಯ ವೈನ್ ಕೂಡ ಆಗಬಹುದಲ್ಲವೇ? – ತೀರ್ಥಹಳ್ಳಿ

ಅಕ್ಕಿ ಆಗುವುದಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 924ನೇ ನಿಯಮ ನೇರವಾಗಿದೆ: ರೊಟ್ಟಿ ಗೋಧಿಯದ್ದೇ ಆಗಿರಬೇಕು, ಇತ್ತೀಚೆಗೆ ಮಾಡಿದ್ದಾಗಿರಬೇಕು, ಕೆಟ್ಟಿರಬಾರದು, ದ್ರಾಕ್ಷಾರಸ ದ್ರಾಕ್ಷಿಯದ್ದೇ ಆಗಿರಬೇಕು, ಹುಳಿತಿರಬಾರದು. ಅಕ್ಕಿ, ರಾಗಿ, ಜೋಳದ ರೊಟ್ಟಿಯ ಮೇಲೆ ಗುರುಗಳು ಎಲ್ಲ ಪ್ರಾರ್ಥನೆ ಸರಿಯಾಗಿ ಹೇಳಿದರೂ ಅಲ್ಲಿ ಪರಮಪ್ರಸಾದ ಆಗಿಲ್ಲ ಎಂದೇ ಧರ್ಮಸಭೆ ಹೇಳುತ್ತದೆ. ಪ್ರಭು ಕೊನೆಯ ರಾತ್ರಿ ಕೈಗೆತ್ತಿಕೊಂಡದ್ದು ಏನೋ ಅದನ್ನು ಬದಲಿಸುವ ಅಧಿಕಾರ ತನಗಿಲ್ಲ ಎಂಬುದು ಅದರ ನಿಲುವು. ಏಷ್ಯಾ, ಆಫ್ರಿಕಾಗಳಲ್ಲಿ 'ಗೋಧಿ ನಮ್ಮ ನೆಲದ ಬೆಳೆಯಲ್ಲ' ಎಂದು ದೇವಶಾಸ್ತ್ರಜ್ಞರೇ ವಾದ ಎತ್ತಿದ್ದಾರೆ, ಆ ವಾದದಲ್ಲಿ ತೂಕವಿಲ್ಲ ಎನ್ನಲಾಗದು. ಆದರೆ ನಮ್ಮ ಅಭಿಪ್ರಾಯ ಕೇಳಿದರೆ, ಹಾಡು, ದೀಪ, ಹೊಸ ಭತ್ತದ ತೆನೆಯ ಆಶೀರ್ವಾದ ಇವೆಲ್ಲ ಮಲೆನಾಡಿನದ್ದಾಗಲು ಅವಕಾಶ ಬೇಕಾದಷ್ಟಿದೆ. ತಟ್ಟೆಯ ಮೇಲಿನ ಈ ಒಂದು ತುಣುಕು ಜೆರುಸಲೇಮಿನ ಆ ಊಟದ ಗುರುತಾಗಿಯೇ ಉಳಿಯಲಿ.

ತಯಾರಿಯ ವಿಧಾನವನ್ನೂ ಕೆಲವರು ಕೇಳಿದ್ದಾರೆ. ಗೋಧಿ ಹಿಟ್ಟು ಮತ್ತು ನೀರು, ಅಷ್ಟೇ. ಉಪ್ಪು, ಸಕ್ಕರೆ, ಜೇನು, ಹಾಲು, ಎಣ್ಣೆ ಯಾವುದೂ ಇಲ್ಲ. ಸಕ್ಕರೆ, ಜೇನು, ಹಣ್ಣು ಬೆರೆಸುವುದು ಗಂಭೀರ ತಪ್ಪು ಎಂದು 2004ರ ರೋಮ್ ಸೂಚನೆಯಲ್ಲಿ ಹೆಸರಿಸಿಯೇ ಹೇಳಿದೆ. ಮೈದಾ ಗೋಧಿಯದ್ದೇ ಆದ್ದರಿಂದ ನಡೆಯುತ್ತದೆ. ಹಿಟ್ಟಿನ ತೂಕದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ನೀರು ಹಾಕಿ, ಗಂಟಿಲ್ಲದಂತೆ ಕಲಸಿ, ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಹುಯ್ದು ಒತ್ತಿದರೆ ಒಂದೆರಡು ನಿಮಿಷದಲ್ಲಿ ಕಾಗದದಂಥ ಹಾಳೆ ಬರುತ್ತದೆ. ಹಿಟ್ಟು ಗಟ್ಟಿಯಾದರೆ ನಡುವೆ ಬೇಯದೆ ಅಂಟಂಟಾಗುತ್ತದೆ, ನೀರಾದರೆ ಹಾಳೆಯಲ್ಲಿ ತೂತು ಬೀಳುತ್ತದೆ. ಬೆಂದ ಹಾಳೆಯನ್ನು ಕೂಡಲೇ ಕತ್ತರಿಸಬಾರದು, ಹಪ್ಪಳದಂತೆ ಸಿಡಿದು ಚೂರಾಗುತ್ತದೆ. ತೇವದ ಗಾಳಿಯಲ್ಲಿ ಕೆಲವು ಗಂಟೆ ಇಟ್ಟು ಮೆತ್ತಗಾದ ಮೇಲೆ ದುಂಡಗೆ ಕತ್ತರಿಸಿ, ಆಮೇಲೆ ಒಣಗಿಸಿ ಡಬ್ಬಿಗೆ ಹಾಕುತ್ತಾರೆ. ಜನರಿಗೆ ಕೊಡುವ ಚಿಕ್ಕದು ಸುಮಾರು 3 ಸೆಂಟಿಮೀಟರ್ ಅಗಲ. ಕನ್ಯಾಮಠಗಳಲ್ಲಿ ಇದನ್ನೇ ಕೈಪಳಗಿಸಿಕೊಂಡವರಿದ್ದಾರೆ. ಕೊಂಕಣಿ ಮನೆಗಳಲ್ಲಿ ಹಿರಿಯರು ಇದಕ್ಕೆ 'ಓಸ್ತಿ' ಎನ್ನುತ್ತಾರೆ.

ಮನೆಯ ವೈನ್ ವಿಚಾರ: ನೇರಳೆ, ನೆಲ್ಲಿ, ಅನಾನಸ್, ಗೇರುಹಣ್ಣಿನದ್ದು ಎಷ್ಟು ಚೆನ್ನಾಗಿದ್ದರೂ ಆಗುವುದಿಲ್ಲ. ಕ್ರಿಸ್‌ಮಸ್‌ಗೆಂದು ಭರಣಿಯಲ್ಲಿ ಹಾಕುವ ದ್ರಾಕ್ಷಿ ವೈನಿಗೂ ಸಕ್ಕರೆ, ಗೋಧಿ ಕಾಳು, ಲವಂಗ ಬೀಳುವುದರಿಂದ ಅದೂ ಬಲಿಪೀಠಕ್ಕೆ ಬೇಡ. ಪೂಜೆಯ ದ್ರಾಕ್ಷಾರಸವನ್ನು ಧರ್ಮಕ್ಷೇತ್ರದ (ಧರ್ಮಾಧ್ಯಕ್ಷರ, ಅಂದರೆ ಬಿಷಪರ, ಆಡಳಿತದ ಪ್ರದೇಶ) ಮೂಲಕವೇ ತರಿಸುವುದು ಇದಕ್ಕಾಗಿಯೇ. ತೆರೆದ ಬಾಟಲಿ ಸೆಖೆಯಲ್ಲಿ ಕೆಲವೇ ದಿನಕ್ಕೆ ಹುಳಿಯಾಗುತ್ತದೆ. ಪೂರ್ತಿ ವಿನಿಗರ್ ಆಗಿದ್ದರೆ ಅದು ದ್ರಾಕ್ಷಾರಸವೇ ಅಲ್ಲ, ಪವಿತ್ರೀಕರಣವೂ ಆಗುವುದಿಲ್ಲ. ಬಾಟಲಿ ಚಿಕ್ಕದು ತರಿಸಿ, ಮುಚ್ಚಳ ಬಿಗಿ ಮಾಡಿ, ಫ್ರಿಜ್‌ನಲ್ಲಿಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಚರ್ಚಿನ ರೊಟ್ಟಿ ಮೆತ್ತಗಾಗುತ್ತದೆ, ಬೂಸಲು ಹಿಡಿಯುತ್ತದೆ. ಒಮ್ಮೆ ಕೆಂಪು ಚುಕ್ಕೆ ಕಂಡು ಜನ ಪವಾಡವೆಂದು ಗುಂಪುಗೂಡಿದರು. ಏನು ಮಾಡಬೇಕಿತ್ತು? – ಚರ್ಚಿನ ಕೆಲಸ ನೋಡಿಕೊಳ್ಳುವವರು, ಹೊಸನಗರ

ಈ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳವೇ ಡಬ್ಬಿಯಲ್ಲಿ ಗರಿಯಾಗಿ ಉಳಿಯುವುದಿಲ್ಲ, ಕಾಗದದಷ್ಟು ತೆಳುವಾದ ಈ ರೊಟ್ಟಿ ಉಳಿಯುವುದೆಂತು? ಮೊದಲು ಇನ್ನೂ ಪವಿತ್ರೀಕರಿಸದ ದಾಸ್ತಾನು. ಬಿಗಿ ಮುಚ್ಚಳದ ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯೊಳಗಿಡಿ. ತೇವ ಹೀರುವ ಸಿಲಿಕಾ ಪೊಟ್ಟಣ ಹೊರಗಿನ ಡಬ್ಬಿಯಲ್ಲಿರಲಿ, ರೊಟ್ಟಿಗೆ ತಾಗಬಾರದು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಒಣಗಿರುತ್ತದೆ ಎಂದು ಕೆಲವರು ಇಡುತ್ತಾರೆ, ಒಣಗುತ್ತದೆ ನಿಜ, ಹೊಗೆಯ ವಾಸನೆಯನ್ನೂ ಹೀರುತ್ತದೆ. ಧೂಪ, ನುಸಿಗುಳಿಗೆ ಇರುವ ಕಪಾಟೂ ಬೇಡ. ಮೆತ್ತಗಾದದ್ದನ್ನು ಕಾವಲಿಯ ಮೇಲೆ ಬಿಸಿ ಮಾಡಬೇಡಿ, ಸುರುಳಿ ಸುತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಒಂದೆರಡು ವಾರಕ್ಕೆ ಬೇಕಾದಷ್ಟೇ ತರಿಸುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಬೂಸಲು ಹಿಡಿದದ್ದನ್ನು ಹೂತುಬಿಡಿ. ಅದಿನ್ನೂ ಬರೀ ರೊಟ್ಟಿ.

ಪರಮಪ್ರಸಾದದ ಪೆಟ್ಟಿಗೆಯೊಳಗಿನದು ಬೇರೆ ಮಾತು. ಅಲ್ಲಿ ರೋಗಿಗಳಿಗೂ ಆರಾಧನೆಗೂ ಬೇಕಾದಷ್ಟನ್ನೇ ಇಟ್ಟು, ಆಗಾಗ ಬದಲಿಸಬೇಕೆಂದು ನಿಯಮವಿದೆ. ಮಲೆನಾಡಿನ ಮಳೆಗೆ ವಾರಕ್ಕೊಮ್ಮೆ ಬದಲಿಸಿ ಎಂಬುದು ನಮ್ಮ ಸಲಹೆ: ಹಳೆಯದನ್ನು ಆ ದಿನದ ಪೂಜೆಯಲ್ಲೇ ಹಂಚಿ ಮುಗಿಸಿ, ಹೊಸದನ್ನು ಇಡುವುದು. ಅದೂ ಮೀರಿ ಕೆಟ್ಟು ತಿನ್ನಲಾಗದಂತಾದರೆ ಗುರುಗಳಿಗೆ ತಿಳಿಸಿ. ಅವರು ಅದನ್ನು ನೀರಿನ ಲೋಟದಲ್ಲಿ ಹಾಕಿ, ಮುಚ್ಚಿ, ಪೆಟ್ಟಿಗೆಯೊಳಗೇ ಇಡುತ್ತಾರೆ. ಕೆಲವು ದಿನಗಳಲ್ಲಿ ಕರಗಿ ರೊಟ್ಟಿಯ ರೂಪವೇ ಉಳಿಯುವುದಿಲ್ಲ. ಆಗ ಆ ನೀರನ್ನು, ಕೊಳವೆ ನೇರ ಮಣ್ಣಿಗೆ ಹೋಗುವ ಸ್ಯಾಕ್ರಿಸ್ಟಿಯ (ಪೂಜೆಗೆ ಸಿದ್ಧತೆ ಮಾಡುವ ಕೋಣೆಯ) ವಿಶೇಷ ತೊಟ್ಟಿಗೆ, ಅದಿಲ್ಲದಿದ್ದರೆ ಯಾರೂ ತುಳಿಯದ ನೆಲಕ್ಕೆ ಸುರಿಯುತ್ತಾರೆ. ಸಾಮಾನ್ಯ ಚರಂಡಿಗೆ ಬಿಡುವುದಿಲ್ಲ. 'ಗುಣ ಉಳಿದಷ್ಟು ಹೊತ್ತು ಸಾನ್ನಿಧ್ಯ' ಎಂಬ ನಿಯಮ ಇಲ್ಲಿ ಒಂದು ಲೋಟ ನೀರಿನಲ್ಲಿ ಕಣ್ಣಿಗೆ ಕಾಣುತ್ತದೆ.

ಕೆಂಪು ಚುಕ್ಕೆಗೆ ಬರೋಣ. ತೇವ ಹಿಡಿದ ಪಿಷ್ಟದ ಮೇಲೆ ರಕ್ತದಂಥ ಕೆಂಪು ಬಣ್ಣ ಬಿಡುವ ಒಂದು ಬ್ಯಾಕ್ಟೀರಿಯಾ ಇದೆ, ಹೆಸರು ಸೆರೇಷಿಯಾ ಮಾರ್ಸೆಸೆನ್ಸ್. 1819ರಲ್ಲಿ ಇಟಲಿಯ ಪಾದುವಾ ಬಳಿ ಮೆಕ್ಕೆಜೋಳದ ಗಂಜಿ ಕೆಂಪಾಗಿ ರೈತರು ಹೆದರಿದಾಗ, ಬಾರ್ತೊಲೊಮೆಯೊ ಬಿಜಿಯೊ ಎಂಬ ಔಷಧಶಾಸ್ತ್ರಜ್ಞ ಅದನ್ನು ಪರೀಕ್ಷಿಸಿ ಇದು ಜೀವಿಯೊಂದರ ಕೆಲಸವೆಂದು ತೋರಿಸಿದ. ಕೆಲವು ಬೂಸಲುಗಳೂ ಕೆಂಪು, ಕಿತ್ತಳೆ ಬಣ್ಣ ಬಿಡುತ್ತವೆ. ಹಾಗಾಗಿ ಕೆಂಪು ಕಂಡ ಕೂಡಲೇ ಮಾಡಬೇಕಾದದ್ದು ಇಷ್ಟು: ಮುಟ್ಟಬೇಡಿ, ಫೋಟೊ ಹಂಚಬೇಡಿ, ಜನ ಸೇರಿಸಬೇಡಿ, ಗುರುಗಳಿಗೆ ಹೇಳಿ. ಅವರು ಧರ್ಮಾಧ್ಯಕ್ಷರಿಗೆ ತಿಳಿಸುತ್ತಾರೆ. ಇಂಥ ಘಟನೆಗಳನ್ನು ಪರಿಶೀಲಿಸುವ ಹೊಸ ನಿಯಮಾವಳಿ 2024ರ ಮೇ ತಿಂಗಳಲ್ಲಿ ರೋಮಿನಿಂದ ಬಂದಿದೆ. ಅದರ ಪ್ರಕಾರ 'ಇದು ಅಲೌಕಿಕ' ಎಂಬ ಘೋಷಣೆ ಸಾಮಾನ್ಯವಾಗಿ ಆಗುವುದೇ ಇಲ್ಲ. ಇನ್ನೊಂದು ಮಾತು: ಕೆಂಪಾಗದ ಬಿಳಿ ರೊಟ್ಟಿಯಲ್ಲಿ ಸಾನ್ನಿಧ್ಯ ಒಂದಿಷ್ಟೂ ಕಡಿಮೆಯಿಲ್ಲ ಎಂಬುದೇ ಈ ಬೋಧನೆಯ ತಿರುಳು. ರಕ್ತದ ಬಣ್ಣಕ್ಕಾಗಿ ಕಾಯುವವರು ಬೋಧನೆಯನ್ನು ತಲೆಕೆಳಗು ಮಾಡುತ್ತಿದ್ದಾರೆ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ಸೀಲಿಯಾಕ್ ಕಾಯಿಲೆ, ಗೋಧಿ ತಿಂದರೆ ಕರುಳು ಹಾಳಾಗುತ್ತದೆ. ಮುಂದಿನ ವರ್ಷ ಪ್ರಥಮ ಪರಮಪ್ರಸಾದ. 'ಕ್ರಿಸ್ತರ ಶರೀರವಾದ ಮೇಲೆ ಗೋಧಿ ಎಲ್ಲಿ, ಕೊಡಿ' ಎನ್ನುತ್ತಾರೆ ಮನೆಯ ಹಿರಿಯರು. – ತಾಯಿ, ಭದ್ರಾವತಿ

ದಯವಿಟ್ಟು ಕೊಡಬೇಡಿ, ತಾಯಿ. ಹಿರಿಯರ ಭಕ್ತಿ ದೊಡ್ಡದು, ಆದರೆ ಬೋಧನೆ ಹಾಗೆ ಹೇಳುವುದಿಲ್ಲ. ಗೋಧಿಯ ಗುಣಗಳೆಲ್ಲ ಉಳಿಯುತ್ತವೆ ಎಂದ ಮೇಲೆ ಗ್ಲೂಟೆನ್ ಅಂಶವೂ ಉಳಿಯುತ್ತದೆ, ಅದರ ಹಾನಿಯೂ ಉಳಿಯುತ್ತದೆ.

ದಾರಿ ಎರಡಿವೆ. ಗ್ಲೂಟೆನ್ ಬಹುಪಾಲು ತೆಗೆದ ಗೋಧಿಯ ರೊಟ್ಟಿ ಸಿಗುತ್ತದೆ. ರೊಟ್ಟಿಯಾಗಿ ಹಿಡಿದು ನಿಲ್ಲುವಷ್ಟು ಅಂಶ ಅದರಲ್ಲಿರುವುದರಿಂದ 2003ರ ರೋಮ್ ಪತ್ರ ಅದನ್ನು ಒಪ್ಪಿದೆ. ಗ್ಲೂಟೆನ್ ಚೂರೂ ಇಲ್ಲದ, ಅಕ್ಕಿ ಅಥವಾ ಆಲೂಗಡ್ಡೆ ಪಿಷ್ಟದ್ದನ್ನು ಒಪ್ಪಿಲ್ಲ. ಪೊಟ್ಟಣದ ಮೇಲಿನ ಪ್ರಮಾಣವನ್ನು ಮಗುವಿನ ವೈದ್ಯರಿಗೆ ತೋರಿಸಿ, ಅವರು ಸರಿ ಎಂದರೆ ಮಾತ್ರ ಮುಂದುವರಿಯಿರಿ. ಅದೂ ಒಗ್ಗದಿದ್ದರೆ ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ಒಂದು ತುಣುಕಿನಲ್ಲೂ ಒಂದು ಗುಟುಕಿನಲ್ಲೂ ಪೂರ್ಣ ಕ್ರಿಸ್ತರಿದ್ದಾರೆ ಎಂಬುದು ಬೋಧನೆ, ಆದ್ದರಿಂದ ನಿಮ್ಮ ಮಗನಿಗೆ ಏನೂ ಕಡಿಮೆಯಾಗುವುದಿಲ್ಲ. ಇದನ್ನು ಅವನಿಗೆ ಈಗಲೇ ಹೇಳಿ, ಸಾಲಿನಲ್ಲಿ ತಾನೊಬ್ಬನೇ ಬೇರೆ ಎಂದು ಮಗು ಕುಗ್ಗಬಾರದು.

ಎಡವಟ್ಟಾಗುವುದು ಪಾತ್ರೆಯಲ್ಲಿ. ಗುರುಗಳು ತಮ್ಮ ದೊಡ್ಡ ರೊಟ್ಟಿಯ ಚೂರೊಂದನ್ನು ಪೂಜೆಯ ನಡುವೆ ಪಾನಪಾತ್ರೆಗೆ ಹಾಕುತ್ತಾರೆ, ಅಲ್ಲಿಗೆ ಆ ದ್ರಾಕ್ಷಾರಸಕ್ಕೂ ಗೋಧಿ ಸೇರಿತು. ಹಾಗಾಗಿ ಮಗನಿಗೆ ಬೇರೆಯೇ ಪುಟ್ಟ ಪಾತ್ರೆ ಬೇಕು, ಅವನ ರೊಟ್ಟಿ ಪಿಕ್ಸ್ ಎಂಬ ಮುಚ್ಚಳದ ಡಬ್ಬಿಯಲ್ಲಿ ಪ್ರತ್ಯೇಕವಾಗಿರಬೇಕು, ಬೇರೆ ರೊಟ್ಟಿ ಮುಟ್ಟಿದ ಕೈಯಿಂದ ಅವನದ್ದನ್ನು ಮುಟ್ಟಬಾರದು. ಸಾಲಿನಲ್ಲಿ ಅವನೇ ಮೊದಲು ಬರುವಂತೆ ಗುರುಗಳ ಹತ್ತಿರ ಮಾತಾಡಿ. ಕಡಿಮೆ ಗ್ಲೂಟೆನ್‌ನ ರೊಟ್ಟಿಗೆ ಅನುಮತಿ ಧರ್ಮಾಧ್ಯಕ್ಷರಿಂದ ಬರಬೇಕು. ಶಿವಮೊಗ್ಗ 1988ರಿಂದ ಪ್ರತ್ಯೇಕ ಧರ್ಮಕ್ಷೇತ್ರ, ನಿಮ್ಮ ಅರ್ಜಿ ಅಲ್ಲಿಗೇ ಹೋಗುತ್ತದೆ. ಕೊಪ್ಪ, ಶೃಂಗೇರಿ ಕಡೆಯವರದ್ದು ಚಿಕ್ಕಮಗಳೂರಿಗೆ. ಮೂರು ನಾಲ್ಕು ತಿಂಗಳು ಮೊದಲೇ ಕೇಳಿ.

ಪ್ರಶ್ನೆ: ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸ್ನೇಹಿತರು 'ಸತ್ವ ಪರಿವರ್ತನೆ ಎಂಬ ಪದ ಬೈಬಲ್ಲಿನಲ್ಲೇ ಇಲ್ಲ, 1215ರಲ್ಲಿ ನೀವು ಕಟ್ಟಿದ್ದು' ಎನ್ನುತ್ತಾರೆ. ಹೌದೇ? – ಶಿವಮೊಗ್ಗ

ಪದ ಬೈಬಲ್ಲಿನಲ್ಲಿ ಇಲ್ಲ, ನಿಮ್ಮ ಸ್ನೇಹಿತರ ಮಾತು ಅಷ್ಟರಮಟ್ಟಿಗೆ ಸರಿ. ಧರ್ಮಾಧ್ಯಕ್ಷರು ಸೇರಿದ 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆ ಆ ಪದವನ್ನು ಅಧಿಕೃತವಾಗಿ ಬಳಸಿತು. ಆದರೆ ಚರ್ಚೆ ಹಳೆಯದು. 9ನೇ ಶತಮಾನದಲ್ಲಿ ಫ್ರಾನ್ಸಿನ ಕೊರ್ಬಿ ಎಂಬ ಒಂದೇ ಮಠದ ಇಬ್ಬರು ಸನ್ಯಾಸಿಗಳು, ಪಾಸ್ಕಾಸಿಯುಸ್ ಮತ್ತು ರಾತ್ರಾಮ್ನುಸ್, ಇದೇ ಪ್ರಶ್ನೆಗೆ ಎರಡು ಉತ್ತರ ಬರೆದಿದ್ದರು. 11ನೇ ಶತಮಾನದಲ್ಲಿ ತೂರ್ ಪಟ್ಟಣದ ಬೆರೆಂಗಾರ್ ಪರಿವರ್ತನೆಯನ್ನು ಪ್ರಶ್ನಿಸಿದಾಗ, 1059ರಲ್ಲಿ ಅವನಿಂದ ಮಾಡಿಸಿದ ಪ್ರತಿಜ್ಞೆ ತೀರಾ ಒರಟಾಗಿತ್ತು: ಕ್ರಿಸ್ತರ ಶರೀರವೇ ವಿಶ್ವಾಸಿಗಳ ಹಲ್ಲಿನಲ್ಲಿ ಅಗಿಯಲ್ಪಡುತ್ತದೆ ಎಂಬಂತೆ. 1079ರಲ್ಲಿ ಎರಡನೇ ಪ್ರತಿಜ್ಞೆ ಬರೆಯುವಾಗ ಆ ಅಗಿಯುವ ಮಾತು ಹೋಗಿ, 'ಸತ್ವದಲ್ಲಿ ಬದಲಾಗುತ್ತದೆ' ಎಂಬ ಮಾತು ಬಂತು. ಇದನ್ನು ಗಮನಿಸಬೇಕು. ಈ ಪದ ಹುಟ್ಟಿದ್ದು ಮಾಂಸ–ರಕ್ತದ ಸ್ಥೂಲ ಕಲ್ಪನೆಯನ್ನು ಬಲಪಡಿಸಲು ಅಲ್ಲ, ಅದರಿಂದ ದೂರ ಸರಿಯಲು. ಮುಂದೆ 1551ರ ಅಕ್ಟೋಬರ್‌ನಲ್ಲಿ ಟ್ರೆಂಟ್ ಮಹಾಸಭೆ, ಪರಿವರ್ತನೆ ವಿಶ್ವಾಸದ ವಿಷಯ, ಅದಕ್ಕೆ ಈ ಹೆಸರು ಬಹಳ ತಕ್ಕದ್ದು ಎಂದಿತು. ಪರಿವರ್ತನೆಯ ಬೋಧನೆ ಬೇರೆ, ಅದನ್ನು ಹೇಳುವ ಪದ ಬೇರೆ ಎಂಬುದಕ್ಕೆ ಆ ವಾಕ್ಯದ ಕಟ್ಟೇ ಸಾಕ್ಷಿ.

ವಿರೋಧಿಸಿದವರೆಲ್ಲ ಒಂದೇ ಮಾತು ಹೇಳಿದವರಲ್ಲ. 16ನೇ ಶತಮಾನದ ಜರ್ಮನ್ ಸುಧಾರಕ ಲೂಥರ್ ಅರಿಸ್ಟಾಟಲನ ಪರಿಭಾಷೆಯನ್ನು ತಳ್ಳಿಹಾಕಿದರೂ ಕ್ರಿಸ್ತರ ನಿಜ ಸಾನ್ನಿಧ್ಯವನ್ನು ಬಿಡಲಿಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿಯೂ ಕಬ್ಬಿಣವೂ ಇರುವಂತೆ ಎರಡೂ ಇವೆ ಎಂದರು. ಸ್ವಿಸ್ ಸುಧಾರಕ ಜ್ವಿಂಗ್ಲಿ ಇದು ಸ್ಮರಣೆ, ಗುರುತು ಎಂದರು. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಇಬ್ಬರೂ ಎದುರುಬದುರಾದಾಗ ಲೂಥರ್ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ 'ಇದು ನನ್ನ ಶರೀರ' ಎಂದು ಲ್ಯಾಟಿನ್ನಿನಲ್ಲಿ ಬರೆದು, ಅದರಿಂದ ಕದಲಲಿಲ್ಲ. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿದವರು ಇದೊಂದರಲ್ಲಿ ಬೇರೆಯಾದರು. ಜಗಳವೆಲ್ಲ 'ಎಸ್ತ್' ಎಂಬ ಒಂದು ಕ್ರಿಯಾಪದದ ಮೇಲೆ: ಅದರ ಅರ್ಥ 'ಆಗಿದೆ' ಎಂದೋ, 'ಸೂಚಿಸುತ್ತದೆ' ಎಂದೋ. ಕನ್ನಡದಲ್ಲಿ ನಾವು ಬಲಿಪೂಜೆಯಲ್ಲಿ ಕೇಳುವ 'ಇದು ನನ್ನ ಶರೀರ' ಎಂಬ ವಾಕ್ಯದಲ್ಲಿ ಆ ಕ್ರಿಯಾಪದವೇ ಇಲ್ಲ, ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಗೂ ಅಂಥ ವಾಕ್ಯದಲ್ಲಿ ಅದು ಬೇಕಾಗಿರಲಿಲ್ಲ. ಇದರಿಂದ ವಾದ ತೀರುವುದಿಲ್ಲ. ಆದರೆ ಯುರೋಪನ್ನು ಸೀಳಿದ ಆ ಪದ ನಮ್ಮ ಬಾಯಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಕನ್ನಡದ ಎರಡೂ ಸಭೆಯವರು ಒಟ್ಟಿಗೆ ಕೂತು ಯೋಚಿಸಬಹುದು.

1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಸೇರಿ ಆದದ್ದು ಸಿ.ಎಸ್.ಐ. ಅದರ ಒಂದು ಮೂಲವಾದ ಆಂಗ್ಲಿಕನ್ ಸಭೆಯ 28ನೇ ವಿಧಿ ಈ ಬೋಧನೆಯನ್ನು ಶಾಸ್ತ್ರವಿರುದ್ಧ ಎನ್ನುತ್ತದೆ. ಆದರೆ ಅದೇ ವಿಧಿ ಕ್ರಿಸ್ತರ ಶರೀರ 'ಸ್ವರ್ಗೀಯ, ಆತ್ಮಿಕ ರೀತಿಯಲ್ಲಿ' ಸಿಗುತ್ತದೆ ಎಂದೂ ಹೇಳುತ್ತದೆ. ನಮ್ಮಲ್ಲೂ ಚರ್ಚೆ ನಿಂತಿಲ್ಲ. 1960ರ ದಶಕದಲ್ಲಿ ಕೆಲವು ದೇವಶಾಸ್ತ್ರಜ್ಞರು 'ಬದಲಾಗುವುದು ರೊಟ್ಟಿಯ ಅರ್ಥ, ಉದ್ದೇಶ' ಎಂದಾಗ, 1965ರಲ್ಲಿ ಪೋಪ್ 6ನೇ ಪೌಲರು, ಅರ್ಥ ಬದಲಾಗುವುದು ನಿಜ, ಅದಕ್ಕೆ ಕಾರಣ ಇರವೇ ಬದಲಾಗಿರುವುದು ಎಂದು ಉತ್ತರಿಸಿದರು. ಈ ಲೇಖಕರಿಗೆ ಆ ಉತ್ತರ ಸರಿ ಎನ್ನಿಸುತ್ತದೆ. ಅರ್ಥ ಮಾತ್ರ ಬದಲಾಗುವುದಾದರೆ ಹೊಸನಗರದ ಆ ಲೋಟದ ನೀರಿಗೆ ಅಷ್ಟು ಮರ್ಯಾದೆ ಬೇಕಿರಲಿಲ್ಲ.

ಪ್ರಶ್ನೆ: ಗೆಳತಿಯ ಮದುವೆಗೆ ಚರ್ಚಿಗೆ ಹೋಗಿದ್ದೆ. ಎಲ್ಲರ ಜೊತೆ ಸಾಲಿನಲ್ಲಿ ನಿಂತೆ, ಗುರುಗಳು ಮೆಲ್ಲಗೆ 'ಕ್ಯಾಥೋಲಿಕರಾ?' ಎಂದು ಕೇಳಿ ಕೊಡಲಿಲ್ಲ. ಪ್ರಸಾದವನ್ನು ಬೇಡ ಎನ್ನಬಹುದೇ? – ಕೊಪ್ಪ

ನಿಮಗಾದ ಮುಜುಗರಕ್ಕೆ ಅರ್ಧ ಕಾರಣ 'ಪ್ರಸಾದ' ಎಂಬ ಪದ. ದೇವಸ್ಥಾನದ ಪ್ರಸಾದ ದೇವರಿಗೆ ಅರ್ಪಿಸಿ ಮರಳಿ ಪಡೆದದ್ದು, ಬಂದವರಿಗೆಲ್ಲ ಹಂಚುವಂಥದ್ದು. ಪರಮಪ್ರಸಾದ ಸ್ವತಃ ಪ್ರಭುವೇ ಎಂಬುದು ಇಲ್ಲಿನ ನಂಬಿಕೆ. ಗುರುಗಳು 'ಕ್ರಿಸ್ತರ ಶರೀರ' ಎಂದಾಗ 'ಆಮೆನ್' ಎನ್ನುವುದು 'ಹೌದು, ನಂಬಿದ್ದೇನೆ' ಎಂದಂತೆ. ನಂಬದವರ ಬಾಯಲ್ಲಿ ಆ ಮಾತು ಹೇಳಿಸುವುದು ಅವರಿಗೂ ಅನ್ಯಾಯ. ಕ್ಯಾಥೋಲಿಕರಿಗೂ ಬೇಕಾಬಿಟ್ಟಿ ಇಲ್ಲ: ಒಂದು ಗಂಟೆ ಉಪವಾಸವಿರಬೇಕು, ಗಂಭೀರ ಪಾಪವಿದ್ದರೆ ಮೊದಲು ಪಾಪನಿವೇದನೆ ಮಾಡಿರಬೇಕು.

ಮುಂದಿನ ಸಲ ಆ ಹೊತ್ತಿನಲ್ಲಿ ಕೂತಲ್ಲೇ ಇರಿ, ಯಾರೂ ತಪ್ಪು ತಿಳಿಯುವುದಿಲ್ಲ. ಗೊತ್ತಿಲ್ಲದೆ ಕೈಗೆ ಬಂದೇಬಿಟ್ಟರೆ ಪರ್ಸಿಗೆ ಹಾಕಬೇಡಿ, ಮನೆಗೆ ಒಯ್ಯಬೇಡಿ. ಕೊಟ್ಟವರ ಕೈಗೇ ಮರಳಿ ಕೊಡಿ. ಮದುವೆ ಮನೆಯವರಿಗೂ ಒಂದು ಮಾತು: ಬೇರೆ ಧರ್ಮದ ನೆಂಟರು ಬಹಳ ಇದ್ದಾರೆಂದರೆ ಹಂಚುವ ಮೊದಲು ಎರಡು ವಾಕ್ಯದ ಪ್ರಕಟಣೆ ಹೇಳಿಸಿ.

ಪ್ರಶ್ನೆ: ಪರಮಪ್ರಸಾದ ನೆಲಕ್ಕೆ ಬಿದ್ದರೆ? ದ್ರಾಕ್ಷಾರಸದ ಬದಲು ನೀರು ಹುಯ್ದಿದ್ದರೆ? – ಪೀಠಬಾಲಕರು, ರಿಪ್ಪನ್‌ಪೇಟೆ

ಬಿದ್ದರೆ ಗಾಬರಿಯಾಗಬೇಡಿ, ಕಾಲು ಹಿಂದೆ ತೆಗೆಯಿರಿ, ಗುರುಗಳು ಭಕ್ತಿಯಿಂದ ಎತ್ತಿಕೊಳ್ಳುತ್ತಾರೆ. ಪವಿತ್ರ ದ್ರಾಕ್ಷಾರಸ ಚೆಲ್ಲಿದರೆ ಆ ಜಾಗವನ್ನು ನೀರಿನಿಂದ ತೊಳೆದು, ಆ ನೀರನ್ನು ಮೇಲೆ ಹೇಳಿದ ಮಣ್ಣಿನ ತೊಟ್ಟಿಗೇ ಹಾಕಬೇಕು.

ಬಿಳಿ ದ್ರಾಕ್ಷಾರಸ ಮತ್ತು ನೀರು ಒಂದೇ ತರಹದ ಗಾಜಿನ ಕುಪ್ಪಿಗಳಲ್ಲಿದ್ದರೆ ಎರಡನೇ ತಪ್ಪು ಸುಲಭವಾಗಿ ಆಗುತ್ತದೆ. ಗುರುಗಳಿಗೆ ಆಮೇಲೆ ಗೊತ್ತಾದರೆ ಆ ನೀರನ್ನು ಬೇರೆ ಪಾತ್ರೆಗೆ ಹಾಕಿ, ದ್ರಾಕ್ಷಾರಸ ಹುಯ್ದು ತುಸು ನೀರು ಬೆರೆಸಿ, ಪಾನಪಾತ್ರೆಗೆ ಸೇರಿದ ಮಾತುಗಳನ್ನು ಮಾತ್ರ ಮತ್ತೆ ಹೇಳುತ್ತಾರೆ. ರೊಟ್ಟಿಯದ್ದನ್ನು ಮತ್ತೆ ಹೇಳಬೇಕಿಲ್ಲ. ದ್ರಾಕ್ಷಾರಸಕ್ಕೆ ಬೆರೆಸುವ ನೀರು ಕೆಲವು ಹನಿ ಸಾಕು, ಹೆಚ್ಚಾದರೆ ಅದು ದ್ರಾಕ್ಷಾರಸವಾಗಿ ಉಳಿಯುವುದಿಲ್ಲ. ಪೂಜೆಗೆ ಮೊದಲು ಎರಡೂ ಕುಪ್ಪಿಗಳನ್ನು ಮೂಸಿ ನೋಡಿ, ದ್ರಾಕ್ಷಾರಸದ ಕುಪ್ಪಿಯ ಕುತ್ತಿಗೆಗೆ ಒಂದು ಕೆಂಪು ದಾರ ಕಟ್ಟಿಡಿ.